ಮಂಡಿಯೂರಬಾರದು

ನನ್ನ ತಮ್ಮನ ಮಗಳು ಕಿಸಾಕ್ಯೆಗೆ ಮಂಡಿಯೂರಲು ಕಲಿಸಿದವಳು ನಾನೇ. ನಮ್ಮ ಬುಗಾಂಡ ಸೀಮೆಯಲ್ಲಿ ಅದು ತಾಯಿಯ ಕೆಲಸವಲ್ಲ, ಸೋದರತ್ತೆಯ ಕೆಲಸ. ಸೋದರತ್ತೆಯನ್ನು ನಾವು ಸೆಂಗಾ ಎಂದು ಕರೆಯುತ್ತೇವೆ. ಮದುವೆ ಗೊತ್ತಾದ ಮೇಲೆ ಹುಡುಗಿ ಮೂರು ತಿಂಗಳು ಪ್ರತಿ ಶನಿವಾರ ನನ್ನ ಮನೆಗೆ ಬಂದಳು. ಹಿರಿಯರು ಎದುರಾದರೆ ಎರಡು ಮಂಡಿಗಳೂ ಒಟ್ಟಿಗೆ ನೆಲ ಮುಟ್ಟಬೇಕು, ಸದ್ದಾಗಬಾರದು, ಬೆನ್ನು ನೆಟ್ಟಗಿರಬೇಕು, ಕಣ್ಣು ತಗ್ಗಿರಬೇಕು, ಹೇಗಿದ್ದೀಯ ಎಂದು ಎಷ್ಟು ಸಲ ಕೇಳಿದರೂ ಅಷ್ಟು ಸಲ ಮೆಲ್ಲಗೆ ‘ಚೆನ್ನಾಗಿದ್ದೇನೆ’ ಎನ್ನಬೇಕು. ಕಾಲೇಜು ಓದಿ, ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವಳು ನಾನು. ಆದರೂ ಇದನ್ನು ಕಲಿಸುವಾಗ ನನಗೆ ಸಂಕೋಚವಾಗಲಿಲ್ಲ. ಮದುವೆಯ ದಿನ ಅವಳ ಮಾವ ಲುಟಾಯ ಅವರು ನನ್ನ ಕಡೆ ತಿರುಗಿ, “ಈ ಹುಡುಗಿಗೆ ಒಳ್ಳೆ ಸೆಂಗಾ ಇದ್ದಾರೆ,” ಎಂದಿದ್ದರು. ಆ ಮಾತನ್ನು ನಾನು ಬಹಳ ದಿನ ಬಚ್ಚಿಟ್ಟುಕೊಂಡು ಸವಿದಿದ್ದೆ.

ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಕಿಸಾಕ್ಯೆ ತಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಬಾಡಿಗೆ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೊರಟಿದ್ದಳು. ಬಾಳೆಗೊನೆ ತುಂಬಿಕೊಂಡಿದ್ದ ಪಿಕಪ್ ವ್ಯಾನೊಂದು ಸುಳಿವು ಕೊಡದೆ ತಿರುಗಿತು. ಬಿದ್ದಾಗ ಬೈಕಿನ ಹ್ಯಾಂಡಲ್ ಅವಳ ಬಲಪಕ್ಕೆಗೆ ಗುದ್ದಿತು. ಹೊರಗೆ ಒಂದು ಹನಿ ರಕ್ತ ಬರಲಿಲ್ಲ. ಆ ಪಿಕಪ್ಪಿನವನು ಅರ್ಧ ಗೊನೆಗಳನ್ನು ರಸ್ತೆ ಬದಿಯಲ್ಲಿ ಇಳಿಸಿ, ಉಳಿದವುಗಳ ಮೇಲೆ ಬಾಳೆಲೆ ಹಾಸಿ, ಅವಳನ್ನು ಮಲಗಿಸಿಕೊಂಡು ಬೆಟ್ಟದ ಮೇಲಿನ ಮಿಷನ್ ಆಸ್ಪತ್ರೆಗೆ ತಂದನು. ನಾನು ಹೋದಾಗಲೂ ಅವನು ಗೋಡೆಗೆ ಒರಗಿ ನಿಂತಿದ್ದ. ಪೊಲೀಸರು ಕರೆಯುವವರೆಗೆ ಅಲ್ಲಿಂದ ಕದಲಲಿಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕು. ಊಟ ತರುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು ಎಲ್ಲ ಅವರದೇ. ಕಿಸಾಕ್ಯೆಯ ಗಂಡ ಲುಬ್ವಾಮ ರಕ್ತ ಕೊಟ್ಟು ಶಾಲೆಗೆ ಪಾಠ ಹೇಳಲು ಹೋಗಬೇಕಿತ್ತು. ಹಾಗಾಗಿ ಮಂಚದ ಕೆಳಗೆ ಚಾಪೆ ಸುತ್ತಿಟ್ಟುಕೊಂಡು ನಾನೇ ಉಳಿದೆ.

ಮಧ್ಯಾಹ್ನದ ಹೊತ್ತಿಗೆ ಇಬ್ಬರು ಡಾಕ್ಟರುಗಳು ಬಂದರು. ಡಾ. ಸೆಂಬಾಟ್ಯ ಅರವತ್ತರ ಹತ್ತಿರದ ಸರ್ಜನ್, ಬೋಳುತಲೆ, ದೊಡ್ಡ ಅಂಗೈ. ಡಾ. ಲಾಕೊತ್ ಉತ್ತರದ ಕಡೆಯ ಹೆಣ್ಣುಮಗಳು, ನಲವತ್ತು ದಾಟಿಲ್ಲ, ಸ್ಕ್ಯಾನಿಂಗ್ ವಿಭಾಗದವಳು. ಇಬ್ಬರೂ ಕಿಟಕಿಯ ಬೆಳಕಿಗೆ ಕಿಸಾಕ್ಯೆಯ ಸ್ಕ್ಯಾನಿನ ಫಿಲ್ಮ್ ಹಿಡಿದು ನೋಡಿದರು. ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ. ಜೇಬಿನಿಂದ ಒಂದೊಂದು ಚೀಟಿ ತೆಗೆದು, ಬೆನ್ನು ತಿರುಗಿಸಿಕೊಂಡು ಏನೋ ಗೀಚಿ, ಆಮೇಲೆ ಬದಲಾಯಿಸಿಕೊಂಡರು. ಇಬ್ಬರ ಮುಖವೂ ಸಡಿಲವಾಯಿತು.

“ಅದೇನು ಡಾಕ್ಟ್ರೇ ಚೀಟಿ, ಲಾಟರಿ ಎತ್ತಿದ ಹಾಗೆ?” ಎಂದೆ. ಭಯಕ್ಕೆ ನನಗೆ ಮಾತು ಹೆಚ್ಚು.

ಡಾ. ಸೆಂಬಾಟ್ಯ ನಕ್ಕರು. “ಲಾಟರಿ ಅಲ್ಲಮ್ಮ. ನಾನು ಮೊದ್ಲು ಬಾಯಿ ಬಿಟ್ರೆ ಇವಳು ‘ಹೌದು ಸರ್’ ಅಂದ್ಬಿಡ್ತಾಳೆ. ಹಾಗೆ ಬೆಳೆಸಿದ್ದಾರೆ ಇವಳನ್ನ. ಎರಡು ವರ್ಷದ ಹಿಂದೆ ಒಬ್ಬನ ಹೊಟ್ಟೆ ಕೊಯ್ದೆ. ಕೊಯ್ಯೋದು ಬೇಕಿರ್ಲಿಲ್ಲ ಅಂತ ಇವಳಿಗೆ ಫಿಲ್ಮ್ ನೋಡ್ದಾಗಲೇ ಅನ್ಸಿತ್ತಂತೆ. ಹೇಳಿದ್ದು ಮೂರು ದಿನ ಆದ್ಮೇಲೆ.”

“ಆಗ್ಲೂ ಹೇಳ್ತಿರ್ಲಿಲ್ಲ ಸರ್. ನೀವು ಅವನ ಚಿಂತೇಲಿ ಊಟ ಬಿಟ್ಟು ಓಡಾಡ್ತಿದ್ರಲ್ಲ, ನೋಡಕ್ಕಾಗ್ದೆ ಹೇಳ್ದೆ,” ಎಂದಳು ಡಾ. ಲಾಕೊತ್.

“ಅವತ್ತಿಂದ ಮೊದ್ಲು ಬರೆಯೋದು, ಆಮೇಲೆ ಮಾತು.” ಅವರು ಎರಡೂ ಚೀಟಿಗಳನ್ನು ನನ್ನ ಮುಂದೆ ಹಿಡಿದರು. ಎರಡರಲ್ಲೂ ಒಂದೇ ಮಾತಿತ್ತು: ಕೊಯ್ಯುವುದು ಬೇಡ.

ಆಮೇಲೆ ಮಂಚದ ತುದಿಯಲ್ಲಿ ಕುಳಿತು ಕಿಸಾಕ್ಯೆಗೆ ನಿಧಾನವಾಗಿ ತಿಳಿಸಿ ಹೇಳಿದರು. ಲಿವರ್ ಸೀಳಿದೆ, ಸಣ್ಣ ಸೀಳಲ್ಲ. ಆದರೆ ರಕ್ತ ತಾನಾಗಿಯೇ ಹೆಪ್ಪುಗಟ್ಟಿ ಗಾಯದ ಬಾಯಿ ಮುಚ್ಚಿಕೊಂಡಿದೆ. ಹೊಟ್ಟೆ ತೆರೆದರೆ ಆ ಹೆಪ್ಪು ಕಿತ್ತುಹೋಗುತ್ತದೆ. ಸುಮ್ಮನೆ ಬಿಟ್ಟರೆ ಲಿವರ್ ತನ್ನನ್ನು ತಾನೇ ಬೆಸೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ದಿನಗಳು ಮಾತ್ರ.

“ನಿಲ್ಲಬಾರ್ದು, ನಡೀಬಾರ್ದು, ಏನೂ ಎತ್ತಬಾರ್ದು. ಸ್ನಾನ ಅಂತ ಏಳಬಾರ್ದು. ತಿಳೀತಾ?”

“ತಿಳೀತು ಡಾಕ್ಟ್ರೇ.”

“ನೋವಿದ್ಯಾ?”

“ಇಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ,” ಎಂದಳು ಕಣ್ಣು ತಗ್ಗಿಸಿ. ಹಿರಿಯರಿಗೆ ಹೇಗೆ ಉತ್ತರ ಕೊಡಬೇಕೋ ಹಾಗೆ.

ಬುಧವಾರ ಕಳೆಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಡಾ. ಸೆಂಬಾಟ್ಯ ಬಂದು ತಮ್ಮ ಅಂಗೈಯನ್ನು ಅವಳ ಹೊಟ್ಟೆಯ ಮೇಲಿಡುತ್ತಿದ್ದರು. ಇಡುವ ಮೊದಲು ಎರಡೂ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಅವರ ಹಿಂದೆಯೇ ಡಾ. ಲಾಕೊತ್ ಚಕ್ರದ ಗಾಡಿಯ ಮೇಲೆ ಸಣ್ಣ ಸ್ಕ್ಯಾನಿಂಗ್ ಯಂತ್ರ ತಳ್ಳಿಕೊಂಡು ಬರುತ್ತಿದ್ದಳು. “ಕೈ ಏನನ್ನತ್ತೆ ಸರ್?” “ಮೊದ್ಲು ನಿನ್ನ ಯಂತ್ರ ಏನನ್ನತ್ತೆ ಬರಿ.” ಪ್ರತಿಸಲ ಇದೇ ಚೀಟಿಯಾಟ. ಪಕ್ಕದ ಮಂಚದ ಹೆಂಗಸು, “ಈ ಇಬ್ಬರೂ ಗಂಡ ಹೆಂಡ್ತಿ ಆಗಿದ್ರೆ ಮಾತೇ ಆಡ್ತಿರ್ಲಿಲ್ಲ, ಬರೀ ಕಾಗದ,” ಎಂದು ನಗಿಸಿದಳು.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ನೋಡಲು ಬರುವವರಿಗೆ ಬಾಗಿಲು ತೆರೆದರು. ನಾನು ಹಿತ್ತಲಿನ ಒಲೆಗಳ ಹತ್ತಿರ ರಾಗಿ ಗಂಜಿ ಬಿಸಿ ಮಾಡಲು ಹೋಗಿದ್ದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಗಂಜಿಯ ಪಾತ್ರೆ ಹಿಡಿದು ಬಂದಾಗ ಮಂಚ ಖಾಲಿಯಿತ್ತು.

ಕಿಸಾಕ್ಯೆ ಸಿಮೆಂಟು ನೆಲದ ಮೇಲೆ ಮಂಡಿಯೂರಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಬೆನ್ನು ನೆಟ್ಟಗಿತ್ತು, ಎರಡು ಕೈಗಳೂ ತೊಡೆಯ ಮೇಲಿದ್ದವು. ಎದುರಿಗೆ ಬಿಳಿ ನಿಲುವಂಗಿಯ ಮೇಲೆ ಕೋಟು ತೊಟ್ಟ ಅವಳ ಮಾವ ಲುಟಾಯ ನಿಂತಿದ್ದರು. ಮೂರು ಗಂಟೆ ಬಸ್ಸಿನಲ್ಲಿ ಕುಳಿತು, ಕಾಫಿ ತೋಟದಿಂದ ನೇರ ಬಂದಿದ್ದರು.

“ಹೇಗಿದ್ದೀಯ ಮಗಳೇ?”

“ಚೆನ್ನಾಗಿದ್ದೀನಿ ಮಾವ. ದಾರಿ ಹೇಗಿತ್ತು?”

“ದಾರಿ ಚೆನ್ನಾಗಿತ್ತು. ನಿಜವಾಗ್ಲೂ ಹೇಗಿದ್ದೀಯ?”

“ಚೆನ್ನಾಗಿ...” ಎಂದಳು. ಮಾತು ಅಲ್ಲಿಗೇ ನಿಂತಿತು. ಅವಳ ತುಟಿಗಳು ಬೂದಿಯ ಬಣ್ಣಕ್ಕೆ ತಿರುಗಿದವು.

ನಮ್ಮಲ್ಲಿ ಮಾವ ಸೊಸೆಯನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಮುದಿತನದಲ್ಲಿ ಕೈ ನಡುಗುತ್ತದೆ ಎನ್ನುತ್ತಾರೆ. ಲುಟಾಯ ಒಂದು ಕ್ಷಣವೂ ಯೋಚಿಸಲಿಲ್ಲ. ಅವಳ ತಲೆ ನೆಲಕ್ಕೆ ಬಡಿಯುವ ಮೊದಲೇ ಬಗ್ಗಿ ಹಿಡಿದು, ಮಗುವನ್ನು ಎತ್ತುವಂತೆ ಎತ್ತಿ ಮಂಚದ ಮೇಲೆ ಮಲಗಿಸಿದರು. ನಾನು ಗಂಜಿಯ ಪಾತ್ರೆ ಹಿಡಿದುಕೊಂಡೇ ಸಿಸ್ಟರನ್ನು ಕೂಗುತ್ತಾ ಓಡಿದೆ.

ಡಾಕ್ಟರುಗಳಿಬ್ಬರೂ ಒಟ್ಟಿಗೇ ಬಂದರು. ಕೈಗೆ ರಕ್ತದ ಬಾಟಲಿ ಏರಿಸಿದರು, ಮತ್ತೆ ದೊಡ್ಡ ಸ್ಕ್ಯಾನಿಗೆ ಕರೆದುಕೊಂಡು ಹೋದರು. ಹೊಟ್ಟೆಯೊಳಗೆ ರಕ್ತ ಮತ್ತೆ ಹರಿಯುತ್ತಿತ್ತು. ಆ ಅವಸರದಲ್ಲೂ ಚೀಟಿ ಬರೆದರು. ಕಾರಿಡಾರಿನಲ್ಲಿ ಸ್ಟ್ರೆಚರಿನ ಪಕ್ಕ ನಿಂತಿದ್ದ ನನಗೆ ಎರಡೂ ಕಾಣಿಸಿದವು. ಈ ಸಲ ಅವು ಒಂದೇ ಆಗಿರಲಿಲ್ಲ. ಡಾ. ಸೆಂಬಾಟ್ಯ ‘ಕೊಯ್ಯೋಣ’ ಎಂದು ಬರೆದಿದ್ದರು. ಡಾ. ಲಾಕೊತ್ ‘ನಲವತ್ತು ನಿಮಿಷ ಕೊಡಿ’ ಎಂದು ಬರೆದಿದ್ದಳು.

“ಯಾಕೆ?” ಎಂದರು ಅವರು.

“ಒಂದೇ ರಕ್ತನಾಳ ಸೋರ್ತಿದೆ ಸರ್. ಬಲಗಡೆ, ಆಳದಲ್ಲಿ. ನೀವು ಕೊಯ್ದು ಅಲ್ಲಿಗೆ ಕೈ ಹಾಕೋಷ್ಟರಲ್ಲಿ ಇರೋ ರಕ್ತ ಎಲ್ಲ ಹೋಗತ್ತೆ. ನಾನು ತೊಡೆಯ ಸಂದಿಯಿಂದ ಸಣ್ಣ ಕೊಳವೆ ಹಾಕಿ ಒಳಗಿಂದಲೇ ಮುಚ್ಚಬಹುದು. ಬಿ.ಪಿ. ಇನ್ನೂ ತೀರಾ ಇಳಿದಿಲ್ಲ.” ಅವಳ ಧ್ವನಿ ಸಣ್ಣಗಿತ್ತು, ಆದರೆ ಕಣ್ಣು ತಗ್ಗಿರಲಿಲ್ಲ.

ಅವರು ಅವಳನ್ನೇ ನೋಡಿದರು. 

“ನಲವತ್ತು. ನಲವತ್ತೊಂದಿಲ್ಲ,” ಎಂದರು. “ಬಿ.ಪಿ. ಎಂಬತ್ತಕ್ಕಿಂತ ಕೆಳಗಿಳಿದ್ರೆ ನಿನ್ನ ಕೇಳಲ್ಲ, ಎತ್ಕೊಂಡ್ ಹೋಗ್ತೀನಿ. ಸಿಸ್ಟರ್, ಪಕ್ಕದ ಥಿಯೇಟರ್ ರೆಡಿ ಇರ್ಲಿ. ನಾನು ಇವಳ ಜೊತೆಗೇ ನಿಂತಿರ್ತೀನಿ.”

ನನ್ನನ್ನು ನೋಡಿ ಸಿಸ್ಟರಿಗೆ ಮನಸ್ಸು ಕರಗಿತೋ ಏನೋ, ಗಾಜಿನ ಕಿಟಕಿಯ ಈಚೆ ಒಂದು ಸ್ಟೂಲ್ ಹಾಕಿಕೊಟ್ಟಳು. ಒಳಗೆ ಕಿಸಾಕ್ಯೆ ಎಚ್ಚರವಾಗಿಯೇ ಮಲಗಿದ್ದಳು. ಡಾ. ಲಾಕೊತ್ ಅವಳ ತೊಡೆಯ ಬುಡದಲ್ಲಿ ಹುಲ್ಲುಕಡ್ಡಿಗಿಂತ ತೆಳುವಾದ ಕೊಳವೆಯನ್ನು ತೂರಿಸಿ, ಪರದೆಯನ್ನು ನೋಡುತ್ತಾ ಮೇಲಕ್ಕೆ ಕಳುಹಿಸುತ್ತಿದ್ದಳು. ಕೊಳವೆಯಿಂದ ಬಣ್ಣ ಬಿಟ್ಟಾಗ ಪರದೆಯ ಮೇಲೆ ರಕ್ತನಾಳಗಳು ನಕ್ಷೆಯ ನದಿಗಳಂತೆ ಕವಲೊಡೆದು ಕಂಡವು. ಮೂವತ್ತೊಂದು ವರ್ಷ ನಕ್ಷೆ ತೋರಿಸಿದವಳಿಗೆ ಅದೊಂದೇ ಅರ್ಥವಾಯಿತು. ಒಂದು ಸಣ್ಣ ಉಪನದಿಯ ತುದಿಯಲ್ಲಿ ಮಸಿ ಚೆಲ್ಲಿದಂತೆ ಕಪ್ಪು ಹರಡುತ್ತಿತ್ತು. ಅದೇ ಸೋರುವ ಜಾಗ.

ಡಾ. ಸೆಂಬಾಟ್ಯ ಕೊಯ್ಯಲು ತಯಾರಾಗಿಯೇ ಬಂದಿದ್ದರು. ಕೈ ತೊಳೆದು, ಗೌನು ತೊಟ್ಟು ನಿಂತಿದ್ದರು. ಸುಮ್ಮನೆ ನಿಲ್ಲಲಾರದೆ, ರಕ್ತನಾಳವನ್ನು ಮುಚ್ಚಲು ಬೇಕಾದ ಸ್ಪಂಜಿನ ಹಾಳೆಯನ್ನು ಕೈಗೆ ತೆಗೆದುಕೊಂಡು, ಕತ್ತರಿಯಿಂದ ಸಾಸಿವೆಕಾಳಿನಷ್ಟು ಚೂರುಗಳನ್ನು ಮಾಡತೊಡಗಿದರು.

“ಇನ್ನೂ ಸಣ್ಣಕ್ಕೆ ಸರ್,” ಎಂದಳು ಡಾ. ಲಾಕೊತ್, ಪರದೆಯಿಂದ ಕಣ್ಣು ಕೀಳದೆ.

“ಇನ್ನೂ ಸಣ್ಣಕ್ಕಾ? ನಾನು ಮೂವತ್ತು ವರ್ಷ ಹೊಟ್ಟೆ ಕೊಯ್ದವನು ಮಾರಾಯ್ತಿ.”

“ಅದಕ್ಕೇ ನಿಮ್ಮ ಕೈ ದೊಡ್ಡದಾಗೇ ಹೋಗತ್ತೆ.”

ಅವರು ಇನ್ನೂ ಸಣ್ಣಗೆ ಕತ್ತರಿಸಿದರು. ನಡುನಡುವೆ ಬಗ್ಗಿ ಕಿಸಾಕ್ಯೆಯ ಕಿವಿಯ ಹತ್ತಿರ, “ಇಲ್ಲೇ ಇದ್ದೀನಿ ಮಗಳೇ,” ಎನ್ನುತ್ತಿದ್ದರು. ಬಿ.ಪಿ. ಎಂಬತ್ತೆಂಟಕ್ಕೆ ಇಳಿಯಿತು, ಎಂಬತ್ತನಾಲ್ಕಕ್ಕೆ ಇಳಿಯಿತು. ಸಿಸ್ಟರ್ ಅಂಕಿಯನ್ನು ಓದಿದಾಗ ಅವರು ಕತ್ತರಿ ಕೆಳಗಿಟ್ಟು ಗಡಿಯಾರ ನೋಡಿದರು. ಏನೂ ಹೇಳಲಿಲ್ಲ. ಅವರು ಬಾಯಿ ಬಿಟ್ಟಿದ್ದರೆ ಅವಳು ‘ಹೌದು ಸರ್’ ಎಂದುಬಿಡುತ್ತಿದ್ದಳು ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ. ಆ ಚೂರುಗಳು ಕೊಳವೆಯಲ್ಲಿ ತೇಲಿ ಹೋದವು. ಇನ್ನೊಂದು ಸಲ ಬಣ್ಣ ಬಿಟ್ಟಾಗ ಉಪನದಿ ಒಂದು ಕಡೆ ನಿಂತುಬಿಟ್ಟಿತ್ತು. ಮಸಿ ಚೆಲ್ಲಲಿಲ್ಲ.

“ಮೂವತ್ತಾರು ನಿಮಿಷ,” ಎಂದರು ಡಾ. ಸೆಂಬಾಟ್ಯ. “ಇನ್ನು ನಾಲ್ಕು ನಿಮಿಷ ನಾನು ನಿನಗೆ ಬಾಕಿ ಬಿಡು.” ಆಮೇಲೆ ಗೋಡೆಗೆ ಒರಗಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿಕೊಂಡರು.

ವಾರ್ಡಿಗೆ ಮರಳಿದ ಮೇಲೆ ನಾನು ತಪ್ಪೊಪ್ಪಿಕೊಂಡೆ. “ಡಾಕ್ಟ್ರೇ, ಅವಳಿಗೆ ಮಂಡಿಯೂರೋದನ್ನ ಕಲಿಸಿದ್ದು ನಾನು. ನಾನು ಅವಳ ಸೆಂಗಾ.”

ಕಿಸಾಕ್ಯೆ ಮೆಲ್ಲಗೆ, “ನೀವು ನಿಲ್ಲಬಾರ್ದು, ನಡೀಬಾರ್ದು ಅಂದಿದ್ರಿ. ನಾನು ನಿಂತಿಲ್ಲ, ನಡೆದಿಲ್ಲ ಡಾಕ್ಟ್ರೇ. ಹಾಗೇ ಜಾರಿ ಇಳಿದೆ ಅಷ್ಟೆ,” ಎಂದಳು.

ಡಾಕ್ಟರುಗಳು ಮುಖ ಮುಖ ನೋಡಿಕೊಂಡರು. “ನಮ್ಮಮ್ಮ ನನ್ನ ಗೆಳೆಯರಿಗೆಲ್ಲ ಮಂಡಿಯೂರಿ ನೀರು ಕೊಟ್ಟವಳು,” ಎಂದರು ಡಾ. ಸೆಂಬಾಟ್ಯ. “ಅಂಥ ಮನೇಲಿ ಬೆಳೆದವನಿಗೆ ಆ ಒಂದು ಮಾತು ಹೇಳ್ಬೇಕು ಅಂತ ಹೊಳೀಲಿಲ್ಲ. ನಿಮ್ಮ ತಪ್ಪಲ್ಲ ಟೀಚರಮ್ಮ.”

“ಮಂಡಿಯೂರಿದ್ದಕ್ಕೇ ಒಡೀತು ಅಂತಾನೂ ಹೇಳಕ್ಕಾಗಲ್ಲ,” ಎಂದಳು ಡಾ. ಲಾಕೊತ್. “ಮಲಗಿದ್ರೂ ಒಡೀಬಹುದಿತ್ತು. ಆದ್ರೆ ಭುಜ ನೋಯ್ತಿತ್ತಾ ಕಿಸಾಕ್ಯೆ, ನಿನ್ನೆಯಿಂದ? ಬಲಭುಜ?”

 ಕಿಸಾಕ್ಯೆ ಹೌದೆಂದು ತಲೆಯಾಡಿಸಿದಳು. “ನೀವೆಲ್ಲ ಅಷ್ಟು ಪ್ರೀತಿಯಿಂದ ಕೇಳ್ತಿದ್ರಿ. ನೋವು ಅಂತ ಹೇಗೆ ಹೇಳೋದು?”

ಒಳಗೆ ಸೋರಿದ ರಕ್ತ ಕೆಲವೊಮ್ಮೆ ಭುಜದಲ್ಲಿ ನೋವಾಗಿ ಕಾಣುತ್ತದಂತೆ. ಅದನ್ನು ಆಗಲೇ ಹೇಳಿದ್ದರೆ ಒಂದು ದಿನ ಮೊದಲೇ ಕೊಳವೆ ಹಾಕಬಹುದಿತ್ತು. ಯಾರೂ ಅವಳನ್ನು ಗದರಲಿಲ್ಲ. ಡಾ. ಲಾಕೊತ್ ತನ್ನ ಜೇಬಿನ ಚೀಟಿಗಳ ಕಟ್ಟಿನಿಂದ ಅರ್ಧವನ್ನು ಹರಿದು ಅವಳ ದಿಂಬಿನ ಹತ್ತಿರ ಇಟ್ಟು, ಪೆನ್ಸಿಲ್ ಕೊಟ್ಟಳು. “ಇನ್ಮೇಲೆ ನೀನೂ ಬರಿ. ನಾವು ಕೇಳೋಕ್ಕಿಂತ ಮೊದ್ಲು. ಕಾಗದಕ್ಕೆ ಮರ್ಯಾದೆ ಕೊಡಬೇಕಿಲ್ಲ.” ಮಾರನೆಯ ದಿನ ಸ್ಕ್ಯಾನಿಂಗ್ ಫಿಲ್ಮಿನ ಪೆಟ್ಟಿಗೆಯ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮಂಚದ ತಲೆಯ ಕಡೆ ತೂಗುಹಾಕಿದಳು: ‘ಮಂಡಿಯೂರಬಾರದು. ಮಾವನಿಗೂ ಇಲ್ಲ, ರಾಜನಿಗೂ ಇಲ್ಲ.’

ಕಿಸಾಕ್ಯೆಯ ಮೊದಲ ಚೀಟಿ ಖಾಲಿ ಬಂತು. ಎರಡನೆಯದರಲ್ಲಿ ‘ಸ್ವಲ್ಪ’ ಎಂದಷ್ಟೇ ಇತ್ತು. ಶನಿವಾರದ್ದರಲ್ಲಿ ‘ಭುಜ ಕಮ್ಮಿ, ಪಕ್ಕೆ ಜಾಸ್ತಿ, ಸೆಂಗಾ ಗೊರಕೆ ಹೊಡೀತಾರೆ’ ಎಂದು ಬರೆದಿದ್ದಳು. ಡಾ. ಸೆಂಬಾಟ್ಯ ಅದನ್ನು ಗಟ್ಟಿಯಾಗಿ ಓದಿ ಇಡೀ ವಾರ್ಡನ್ನು ನಗಿಸಿದರು.

ಆದರೆ ನನ್ನ ಹೆದರಿಕೆ ಹೋಗಿರಲಿಲ್ಲ. ಹೊಸ ಹೆಪ್ಪು ಗಟ್ಟಿಯಾಗಲು ಇನ್ನೂ ಕೆಲವು ದಿನ ಬೇಕು, ಮತ್ತೊಮ್ಮೆ ಒಡೆದರೆ ಕೊಯ್ಯದೆ ದಾರಿಯಿಲ್ಲ, ಕೊಯ್ದರೆ ಏನಾಗುವುದೋ ಹೇಳಲಾಗದು ಎಂದು ಇಬ್ಬರೂ ನನಗೆ ಹೇಳಿದ್ದರು. ಭಾನುವಾರ ಮಧ್ಯಾಹ್ನ ಮಾವ ಬರುತ್ತಾರೆಂದು ಲುಬ್ವಾಮ ತಿಳಿಸಿದಾಗಿನಿಂದ ಕಿಸಾಕ್ಯೆ ಚಡಪಡಿಸತೊಡಗಿದಳು.

“ಸೆಂಗಾ, ಮಲ್ಕೊಂಡೇ ಮಾವನ್ನ ಮಾತಾಡ್ಸಿದ್ರೆ ಅವರ ಊರಲ್ಲಿ ಏನಂತಾರೆ? ನಿಮ್ಮನ್ನೇ ಆಡ್ಕೋತಾರೆ.”

“ಆಡ್ಕೊಳ್ಳಲಿ. ನನಗೆ ಎಪ್ಪತ್ತನಾಲ್ಕು. ಎಷ್ಟು ದಿನ ಆಡ್ಕೋತಾರೆ?”

“ಹೋಗ್ಲಿ, ಮಂಚದ ಮೇಲೇ ಮಂಡಿ ಮಡಚಿ ಕೂತ್ಕೊಳ್ಳಾ? ಒಂದೇ ನಿಮಿಷ.”

“ಬೋರ್ಡ್ ಓದು.”

“ನನ್ನ ಮೈ ಕೇಳಲ್ಲ ಸೆಂಗಾ. ಅವರ ಧ್ವನಿ ಕೇಳಿದ್ರೆ ಸಾಕು, ತಾನೇ ಇಳಿದುಬಿಡತ್ತೆ. ನೀವೇ ಅಲ್ವಾ ಹಾಗೆ ಕಲಿಸಿದ್ದು?”

ಅವಳು ನನ್ನನ್ನು ದೂರಿದ್ದಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಅವಳ ಕೈಯನ್ನು ಹಿಡಿದುಕೊಂಡು ನಾನು ಒಂದು ಉಪಾಯ ಹುಡುಕತೊಡಗಿದೆ.

ಲುಟಾಯ ಬಂದರು, ಆದರೆ ವಾರ್ಡಿನೊಳಗೆ ಕಾಲಿಡಲಿಲ್ಲ. ಕಾರಿಡಾರಿನ ಕಂಬದ ಮರೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಮೂರು ದಿನದಲ್ಲಿ ಇಳಿದುಹೋಗಿದ್ದರು.

“ಒಳಗೆ ಬನ್ನಿ,” ಎಂದೆ.

“ಬೇಡ. ನನ್ನ ನೋಡಿದ್ರೆ ಮತ್ತೆ ಇಳೀತಾಳೆ. ಇಲ್ಲಿಂದಲೇ ಒಂದ್ಸಲ ಮುಖ ನೋಡಿ ಹೋಗ್ತೀನಿ. ನನ್ನ ಎದುರಿಗೆ ಮಂಡಿಯೂರಿ ಆ ಮಗು ಸಾಯೋದ್ರಲ್ಲಿತ್ತು. ನಾನು ನಿಂತ್ಕೊಂಡು ಹೇಗಿದ್ದೀಯ, ಹೇಗಿದ್ದೀಯ ಅಂತ ಕೇಳ್ತಾ ಇದ್ದೆ.”

“ಬನ್ನಿ. ನಾನು ನೋಡ್ಕೋತೀನಿ.”

ಅವರು ಮಂಚದ ಹತ್ತಿರ ಬಂದದ್ದೇ ಕಿಸಾಕ್ಯೆಯ ಮೊಣಕೈ ಹಾಸಿಗೆಗೆ ಊರಿತು, ಹೆಗಲು ಮೇಲೆದ್ದಿತು. ನಾನು ಅವಳಿಗಿಂತ ಮೊದಲು ಇಳಿದೆ. ಮಂಚಕ್ಕೂ ಲುಟಾಯ ಅವರಿಗೂ ನಡುವೆ ಮಂಡಿಯೂರಿದೆ. ಸದ್ದಾಗಬಾರದು ಎಂದು ಮೂರು ತಿಂಗಳು ಪಾಠ ಹೇಳಿದ್ದವಳ ಎರಡೂ ಮಂಡಿಗಳು ಒಣಕಡ್ಡಿ ಮುರಿದಂತೆ ಲಟಲಟ ಎಂದವು. ಪಕ್ಕದ ಮಂಚದವಳು ಕಿಸಕ್ಕನೆ ನಕ್ಕಳು.

“ಲುಟಾಯ ಅವರೇ, ಈ ಮರ್ಯಾದೆ ನಿಮ್ಮ ಸೊಸೆಯದು. ಅವಳು ನನ್ನ ಕೈಲಿ ಕಳಿಸಿದ್ದಾಳೆ. ನನ್ನದಲ್ಲ, ಅವಳದೇ ಅಂತ ತಗೊಳ್ಳಿ,” ಎಂದೆ.

ನಮ್ಮಲ್ಲಿ ಹಾಗೆ ಮಾಡುವ ಪದ್ಧತಿಯೇನೂ ಇಲ್ಲ. ಅವರು ಬೇಡವೆಂದಿದ್ದರೆ ನನ್ನಲ್ಲಿ ಬೇರೆ ಉಪಾಯವಿರಲಿಲ್ಲ. ಅವರು ಟೋಪಿಯನ್ನು ಎದೆಗೆ ಒತ್ತಿಕೊಂಡು, “ತಗೊಂಡೆ,” ಎಂದರು. ಆಮೇಲೆ ನನ್ನ ತಲೆಯ ಮೇಲಿನಿಂದ ಅವಳನ್ನು ನೋಡುತ್ತಾ, ಪೂರ್ತಿ ಕ್ರಮದಲ್ಲಿ, ಒಂದನ್ನೂ ಬಿಡದೆ ಕ್ಷೇಮ ವಿಚಾರಿಸಿದರು. ಬೆಳಗು ಹೇಗಿತ್ತು, ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ. ನಾನು ಕತ್ತು ತಿರುಗಿಸಿ ನೋಡಿದೆ, ಕಿಸಾಕ್ಯೆಯ ಮೊಣಕೈ ನಿಧಾನವಾಗಿ ಮಡಚಿತು. ತಲೆ ದಿಂಬಿಗೆ ಮರಳಿತು. ಮಲಗಿದಲ್ಲಿಂದಲೇ ಒಂದೊಂದಕ್ಕೂ ಉತ್ತರ ಕೊಟ್ಟಳು.

ಕೊನೆಗೆ, “ಹೇಗಿದ್ದೀಯ ಮಗಳೇ?” ಎಂದರು.

ಅವಳು ತಡವರಿಸಿದಳು. ಈ ಸಲ ನಾನು ಹಿಂತಿರುಗಿ ನೋಡಲಿಲ್ಲ.

“ನೋವಿದೆ ಮಾವ. ಮೊನ್ನೆಗಿಂತ ಕಮ್ಮಿ. ಆದ್ರೆ ಇದೆ.”

“ಹೂಂ,” ಎಂದರು ಲುಟಾಯ. “ಹಾಗಾದ್ರೆ ಮಲಗೇ ಇರು. ನಾನು ಇಲ್ಲೇ ಕೂತಿರ್ತೀನಿ.”

ಅವರು ಬಗ್ಗಿ ನನ್ನ ಚಾಪೆ ಬಿಡಿಸಿ, ಮಂಚದಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕುಳಿತರು. ನನಗೆ ಮಾತ್ರ ಏಳಲು ಆಗಲಿಲ್ಲ. ಯಂತ್ರದ ಗಾಡಿ ತಳ್ಳಿಕೊಂಡು ಬಂದ ಡಾ. ಲಾಕೊತ್, “ಟೀಚರಮ್ಮ, ನೀವು ಬೋರ್ಡ್ ಓದಿಲ್ವಾ?” ಎನ್ನುತ್ತಾ ಕಂಕುಳಿಗೆ ಕೈಹಾಕಿ ನನ್ನನ್ನು ಎಬ್ಬಿಸಿದಳು. ಆಮೇಲೆ ಕಿಸಾಕ್ಯೆಯ ಹೊಟ್ಟೆಯ ಮೇಲೆ ಯಂತ್ರದ ತುದಿಯನ್ನು ಮೆಲ್ಲಗೆ ಓಡಿಸಿ, ಒಂದು ಚೀಟಿ ಬರೆದು ಮಡಚಿ ಜೇಬಿಗೆ ಹಾಕಿಕೊಂಡಳು. ಡಾ. ಸೆಂಬಾಟ್ಯ ಬರುವವರೆಗೆ ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ. ಅರ್ಧ ಗಂಟೆ ಕಳೆದು ಅವರು ಬಂದರು, ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟರು, ಬರೆದರು. ಚೀಟಿಗಳನ್ನು ಬಿಡಿಸಿ ಕಿಸಾಕ್ಯೆಗೇ ಕೊಟ್ಟರು. ಒಂದರಲ್ಲಿ ‘ಹೊಸ ರಕ್ತ ಇಲ್ಲ’ ಎಂದಿತ್ತು, ಇನ್ನೊಂದರಲ್ಲಿ ‘ಹೊಟ್ಟೆ ಮೆತ್ತಗಿದೆ, ಗುರುವಾರ ಮನೆಗೆ’ ಎಂದಿತ್ತು.

ಅವಳು ಎರಡನ್ನೂ ಓದಿ, ತನ್ನ ಪೆನ್ಸಿಲ್ಲಿಗಾಗಿ ದಿಂಬಿನ ಕೆಳಗೆ ತಡಕಾಡಿದಳು. ನಾವೆಲ್ಲ ಕಾದೆವು. ಬರೆದು ಮುಗಿಸಿದವಳು ಚೀಟಿಯನ್ನು ನನ್ನ ಕೈಗಿತ್ತು, ಮಾವನ ಕಡೆ ಕಣ್ಣಿನಲ್ಲೇ ತೋರಿಸಿದಳು. ನಾನು ಅದನ್ನು ಅವರಿಗೆ ದಾಟಿಸಿದೆ. ಲುಟಾಯ ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಹಸಿವಾಗ್ತಿದೆಯಂತೆ,” ಎಂದರು ಎದ್ದು ನಿಲ್ಲುತ್ತಾ. “ಒಲೆ ಎಲ್ಲಿದೆ ತೋರಿಸಿ.”